ಸಾಣಾಪುರದ ಹಾಲ್‌ನಲ್ಲಿ ಮೂರು ಬ್ಯಾಂಡು, ಒಂದು ರಾತ್ರಿ

ಮೊದಲ ದಿನ: ಬಳ್ಳಾರಿ

ಫೆಬ್ರವರಿ ಕೊನೆ ಬಂತೆಂದರೆ ಬಳ್ಳಾರಿಗೆ ಬೇಸಿಗೆ ಬಂದಂತೆಯೇ. ಗುಡ್ಡದ ಬಂಡೆ ಹಗಲೆಲ್ಲ ಕಾದು, ಸಂಜೆ ಏಳು ದಾಟಿದರೂ ಕಾವು ಬಿಡುತ್ತಿರುತ್ತದೆ. ಕೋಟೆ ಹತ್ತುವ ಆಸೆಯಿದ್ದರೆ ಬೆಳಗ್ಗೆ ಎಂಟರೊಳಗೆ ಹತ್ತಿ ಇಳಿಯಬೇಕು. ಮೇಲೆ ನೆರಳಿಲ್ಲ, ನೀರು ಕೈಯಲ್ಲೇ ಒಯ್ಯಬೇಕು. ಇಳಿದು ಬಂದವರಿಗೆ ಖಾರದ ದೋಸೆ ಕಾದಿರುತ್ತದೆ. ಕೆಂಪು ಚಟ್ನಿ ಬಳಿದು, ಮೇಲೆ ಪುಟಾಣಿ ಪುಡಿ ಉದುರಿಸಿ, ಕಾವಲಿಯಿಂದ ನೇರ ತಟ್ಟೆಗೆ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ.

ಮರುದಿನ ಗಂಗಾವತಿ ಕಡೆಯ ಸಾಣಾಪುರದಲ್ಲಿ ನುಡಿಸಲಿದ್ದ ಇಲ್ಲಿನ ರಾಕ್ ಬ್ಯಾಂಡಿನ ಹುಡುಗರು ತಾಲೀಮು ನಡೆಸುವ ಕೋಣೆ ಇರುವುದು ಕೌಲ್ ಬಜಾರ್ ಕಡೆ, ಒಂದು ಜೀನ್ಸ್ ಹೊಲಿಗೆ ಘಟಕದ ಮೇಲೆ. ಕೆಳಗೆ ಹೊಲಿಗೆ ಯಂತ್ರಗಳ ಸದ್ದು ಸಂಜೆ ಆರಕ್ಕೆ ನಿಲ್ಲುತ್ತದೆ, ಆರೂ ಕಾಲಿಗೆ ಮೇಲೆ ಡ್ರಮ್ ಶುರು. ಗಿಟಾರ್ ಹುಡುಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುತ್ತಾನೆ. ಡ್ರಮ್ಮರ್ ಮೊಬೈಲ್ ಅಂಗಡಿ ನಡೆಸುತ್ತಾನೆ. ಬಾಸ್, ಅಂದರೆ ತಗ್ಗಿನ ಸ್ವರದ ಗಿಟಾರ್ ನುಡಿಸುವವಳು ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾಳೆ.

ಈ ಕೋಣೆಯಲ್ಲಿ ಮೊದಲು ನೋಡಬೇಕಾದದ್ದು ಗೋಡೆ. ಬಳ್ಳಾರಿಯಲ್ಲಿ ಜೀನ್ಸ್ ಕತ್ತರಿಸಿದ ಮೇಲೆ ಉಳಿಯುವ ಚಿಂದಿಗೆ ಬರವಿಲ್ಲ. ಹುಡುಗರು ಅದನ್ನೇ 4 ಅಡಿ ಉದ್ದ, 2 ಅಡಿ ಅಗಲ, 4 ಇಂಚು ದಪ್ಪದ ಮರದ ಚೌಕಟ್ಟುಗಳಿಗೆ ತುಂಬಿ, ಮೇಲೆ ತೆಳು ಬಟ್ಟೆ ಬಿಗಿದು ಗೋಡೆಗೆ ಹಾಕಿದ್ದಾರೆ. ಒಂದು ಚೌಕಟ್ಟಿಗೆ ಸುಮಾರು 3 ಕೆ.ಜಿ. ಚಿಂದಿ. ಇದಕ್ಕಿಂತ ಕಡಿಮೆ ಹಾಕಿದರೆ ತಿಂಗಳೊಳಗೆ ಚಿಂದಿ ಕೆಳಗೆ ಜಗ್ಗಿ ಮೇಲಿನ ಅರ್ಧ ಬರಿದಾಗುತ್ತದೆ. ಅದುಮಿ ತುಂಬಿದರೆ ಹಲಗೆಯಂತೆ ಗಟ್ಟಿಯಾಗಿ ಸದ್ದನ್ನು ಹೀರುವ ಬದಲು ಹಿಂದಕ್ಕೆ ಎಸೆಯುತ್ತದೆ. ತುಂಬುವ ಮೊದಲು ಚಿಂದಿಯನ್ನು ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು. ಉಂಡೆ ಉಂಡೆಯಾಗಿ ತುರುಕಿದ ಕಡೆ ಪ್ರಯೋಜನ ಅರ್ಧಕ್ಕರ್ಧ ಕಡಿಮೆ. ಗೋಡೆಗೆ ಅಂಟಿಸದೆ 4 ಇಂಚು ಬಿಟ್ಟು ತೂಗಿದರೆ ಕೆಳಗಿನ ಸ್ವರಗಳನ್ನೂ ಒಂದಿಷ್ಟು ಹೀರುತ್ತದೆ. ಹತ್ತಿ ಬಟ್ಟೆ ಬೇಗ ಬೆಂಕಿ ಹಿಡಿಯುವ ವಸ್ತು, ಹಾಗಾಗಿ ಬೊರಾಕ್ಸ್ ನೀರಿನಲ್ಲಿ ಅದ್ದಿ ಒಣಗಿಸಿಯೇ ತುಂಬಬೇಕು. ದೀಪಕ್ಕೂ ಸ್ವಿಚ್‌ಬೋರ್ಡಿಗೂ ದೂರ ಇಡಬೇಕು. ಇಷ್ಟು ಮಾಡಿದ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಅದು ತಟ್ಟಿದಲ್ಲೇ ಮುಗಿಯುತ್ತದೆ. ಮಾಡದ ಸಿಮೆಂಟ್ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ "ಟರ್ರ್" ಎಂದು ಓಡಾಡುತ್ತದೆ. ಯಾವ ಹಾಲ್‌ಗೆ ಹೋದರೂ ಮೊದಲು ಮಾಡಬೇಕಾದ ಪರೀಕ್ಷೆ ಇದು. ಖರ್ಚಿಲ್ಲ.

ತಾಲೀಮಿನಲ್ಲಿ ಡ್ರಮ್ಮರ್ ಕೈಗೆ ಸಾಮಾನ್ಯ ಕಡ್ಡಿಯ ಬದಲು ಬಿದಿರು ಕಡ್ಡಿಗಳ ಕಟ್ಟು ಕೊಟ್ಟಿದ್ದರು. ಮರುದಿನದ ಹಾಲ್ 30 ಅಡಿ ಉದ್ದ, 20 ಅಡಿ ಅಗಲ. ಅಷ್ಟು ಜಾಗದಲ್ಲಿ ಪೂರ್ತಿ ಬಲ ಹಾಕಿ ಬಡಿದರೆ ಡ್ರಮ್ ಒಂದೇ 100 ಡೆಸಿಬಲ್ ದಾಟುತ್ತದೆ. ಆಮೇಲೆ ಗಿಟಾರ್ ಅದರ ಮೇಲೆ ಹೋಗಬೇಕು, ಹಾಡು ಗಿಟಾರಿನ ಮೇಲೆ ಹೋಗಬೇಕು, ಕೊನೆಗೆ ಸ್ಪೀಕರಿನ ಸದ್ದನ್ನೇ ಮತ್ತೆ ಹಿಡಿದು ಮೈಕು ಕೂಗು ಹೊಡೆಯುತ್ತದೆ. ಚಿಕ್ಕ ಹಾಲ್‌ನಲ್ಲಿ ಎಲ್ಲರ ಸದ್ದಿನ ಮಟ್ಟ ನಿಶ್ಚಯ ಮಾಡುವವನು ಡ್ರಮ್ಮರ್. ಅವನು ಇಳಿದರೆ ಮಾತ್ರ ಉಳಿದವರು ಇಳಿಯಬಹುದು, ಅವರು ಇಳಿದರೆ ಮಾತ್ರ ಹಾಡಿನ ಪದ ಕೇಳುತ್ತದೆ. ಊರಿನ ಬ್ಯಾಂಡುಗಳು ತಾವೇ ಕನ್ನಡದಲ್ಲಿ ಬರೆದು ಹಾಡುತ್ತಿರುವಾಗ ಪದವೇ ಕೇಳದಿದ್ದರೆ ಅಷ್ಟು ದೂರ ಹೋಗಿದ್ದೂ ದಂಡ.

ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ, ಗಿಟಾರ್ ಆಂಪ್ ಕೂಡ ಹಾಗೆಯೇ. ಬ್ಯಾಂಡಿನಲ್ಲಿ 100 ವ್ಯಾಟಿನದೂ ಇತ್ತು, 20 ವ್ಯಾಟಿನದೂ ಇತ್ತು. ಹೊರಟದ್ದು 20ರದು. ವ್ಯಾಟ್ 10 ಪಟ್ಟು ಹೆಚ್ಚಿದಾಗ ಕಿವಿಗೆ ಎರಡು ಪಟ್ಟು ಜೋರು ಅನಿಸುತ್ತದೆ. ಅಂದರೆ 20ಕ್ಕೂ 100ಕ್ಕೂ ಕಿವಿ ಕಾಣುವ ಅಂತರ ಜನ ಅಂದುಕೊಂಡಷ್ಟಿಲ್ಲ. ಚಿಕ್ಕದನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದಾಗ ಬರುವ ಗರಗರ ನಾದವೇ ರಾಕ್‌ಗೆ ಬೇಕಾದ್ದು. ದೊಡ್ಡದರ ಗುಂಡಿಯನ್ನು ಎರಡರಲ್ಲಿ ಇಟ್ಟುಕೊಂಡರೆ ಆ ಬಣ್ಣ ಹುಟ್ಟುವುದೇ ಇಲ್ಲ.

ಬಳ್ಳಾರಿಗೆ ಹಾಡಿನ ಹಿನ್ನೆಲೆ ಹೊಸದೇನಲ್ಲ. ರಂಗನಟ ಬಳ್ಳಾರಿ ರಾಘವರ (1880–1946) ಊರು ಇದು, ಅವರ ಹೆಸರಿನ ಕಲಾಮಂದಿರ ಇವತ್ತಿಗೂ ನಾಟಕಗಳಿಗೆ ತೆರೆದಿದೆ. ವೃತ್ತಿ ನಾಟಕದವರು ಮೈಕು ಬರುವ ಮೊದಲು ಕಾಲು ಹಾರ್ಮೋನಿಯಂ ಪಕ್ಕದಲ್ಲೇ ನಿಂತು ಹಿಂದಿನ ಸಾಲಿಗೆ ಪದ ಮುಟ್ಟಿಸುತ್ತಿದ್ದರು. ಮಟ್ಟ ತಗ್ಗಿಸಿ ಪದ ಉಳಿಸುವ ಈ ಹುಡುಗರ ಲೆಕ್ಕಾಚಾರ ಅದೇ ದಾರಿಯದು.

ರಾತ್ರಿ ಒಗ್ಗರಣೆ, ಮಿರ್ಚಿ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಶಿನ, ಮೇಲೆ ಪುಟಾಣಿ ಪುಡಿ. ಪಕ್ಕದಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ. ಹಾಡುವವನೂ ಆದ ಗಿಟಾರ್ ಹುಡುಗ ಮಿರ್ಚಿ ಮುಟ್ಟಲಿಲ್ಲ. "ನಾಳೆ ಮುಗೀಲಿ ಅಣ್ಣಾ, ಆಮ್ಯಾಲೆ ಒಂದ್ ಪ್ಲೇಟ್ ನಾನೊಬ್ನೇ ತಿಂತೀನಿ" ಎಂದ.

ಎರಡನೇ ದಿನ: ಕುರುಗೋಡು, ಕಂಪ್ಲಿ, ಗಂಗಾವತಿ, ಸಾಣಾಪುರ

ಟೆಂಪೊ ಬೆಳಗ್ಗೆ ಏಳಕ್ಕೆ ಬಿಟ್ಟಿತು. ಕುರುಗೋಡಿನವರೆಗೆ ಎರಡೂ ಬದಿ ಮೆಣಸಿನಕಾಯಿ ಒಣಹಾಕಿದ ಕಣಗಳು, ಅಲ್ಲಲ್ಲಿ ಕಿಟಕಿ ತೆರೆದರೆ ಘಾಟು ಮೂಗಿಗೆ ಹತ್ತುತ್ತದೆ. ದೊಡ್ಡಬಸವೇಶ್ವರನಿಗೆ ಕೈಮುಗಿದು ಚಹಾ ಕುಡಿದು ಮುಂದೆ. ಕಂಪ್ಲಿ ಹತ್ತಿರವಾಗುತ್ತಿದ್ದಂತೆ ಕಪ್ಪು ಎರೆ ಹೋಗಿ ಭತ್ತ, ಬಾಳೆ, ಕಬ್ಬು. ಗಾಳಿಯೇ ಬೇರೆ, ಕೈಯ ಮೇಲೆ ತೇವ ಕೂರುತ್ತದೆ. ಕಂಪ್ಲಿ ಸೇತುವೆ ತಗ್ಗಿನದು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಮುಳುಗುತ್ತದೆ, ಆಗ ಓಡಾಟ ನಿಲ್ಲಿಸುತ್ತಾರೆ. ಸಾಮಾನು ಹೊತ್ತು ಜುಲೈನಿಂದ ಸೆಪ್ಟೆಂಬರ್ ನಡುವೆ ಬರುವವರು ಹೊರಡುವ ಮುನ್ನ ಕಂಪ್ಲಿಯಲ್ಲಿ ಯಾರಿಗಾದರೂ ಫೋನ್ ಮಾಡಿ ಕೇಳಬೇಕು. ಓಡಾಟ ಇಲ್ಲವೆಂದರೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿ ಬರಬೇಕು.

ಸೇತುವೆ ಈಚೆ ಚಹಾ ಮಾರುವ ಅಮ್ಮ ಡ್ರಮ್ಮಿನ ಚೀಲಗಳನ್ನು ನೋಡಿ, "ಮದಿವಿ ಬ್ಯಾಂಡೇನ್ರಿ?" ಎಂದು ಕೇಳಿದರು. ಡ್ರಮ್ಮರ್ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ, ಮೊಬೈಲಿನಲ್ಲಿ ಒಂದು ತುಣುಕು ಕೇಳಿಸಿದ. ಅಮ್ಮ ಪೂರ್ತಿ ಕೇಳಿದರು. "ಪದ ಚೊಲೋ ಐತಿ ತಮ್ಮಾ, ಆದ್ರ ಡೋಲು ಅದನ್ನ ನುಂಗಾಕತ್ತೈತಿ." ತಾಲೀಮಿನಲ್ಲಿ ಮೂರು ತಾಸು ನಡೆದ ಚರ್ಚೆ ಇದೇ ಆಗಿತ್ತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಸಾಲು ದಾಟಿ ಆನೆಗೊಂದಿ ದಾರಿ ಹಿಡಿದರೆ ಬಂಡೆಗುಡ್ಡಗಳ ನಡುವೆ ಹಸಿರು ಗದ್ದೆ. ಅಂಜನಾದ್ರಿಯ ಬುಡದಲ್ಲಿ ಶನಿವಾರ ಗಾಡಿಗಳ ಸಂದಣಿ. 575 ಮೆಟ್ಟಿಲು ಹತ್ತುವವರು ಬಿಸಿಲೇರುವ ಮೊದಲೇ ಹತ್ತಿ ಇಳಿಯುತ್ತಿದ್ದರು. ಅಲ್ಲಿಂದ ಮುಂದೆ ಸಾಣಾಪುರ. ಎಡದಂಡೆ ಕಾಲುವೆಗೆ ಸೇರಿದ ಕೆರೆ, ಸುತ್ತ ಬಂಡೆ. ಕೆರೆಯಲ್ಲಿ ಹರಿಗೋಲು ಸಿಗುತ್ತದೆ. ಈಜಲು ಇಳಿಯಬಾರದು, ಮೊಸಳೆಯೂ ಇದೆ, ಸೆಳವೂ ಇದೆ.

2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರುಪಾಪುರ ಗಡ್ಡೆಯ ರೆಸಾರ್ಟ್‌ಗಳು ತೆರವಾದವು. ಈಗ ಹೊರಗಿನಿಂದ ಬರುವವರಲ್ಲಿ ಬಹಳ ಮಂದಿ ಸಾಣಾಪುರ, ಆನೆಗೊಂದಿ ಸುತ್ತ ಉಳಿಯುತ್ತಾರೆ. ಬಂಡೆ ಹತ್ತುವ ಹವ್ಯಾಸದವರು ಚಳಿಗಾಲ ಪೂರ್ತಿ ಇಲ್ಲೇ. ಅಂಥವರು ಬರುವ ಒಂದು ಊಟದ ಮನೆಯ ಹಿಂದಿನ ಹಾಲ್‌ನಲ್ಲೇ ಆ ರಾತ್ರಿಯ ಕಾರ್ಯಕ್ರಮ. ಮೂರು ಬ್ಯಾಂಡು: ರಾಯಚೂರಿನ ಕಾಲೇಜು ಹುಡುಗರು, ಬಳ್ಳಾರಿಯ ಮೂವರು, ಕೊನೆಗೆ ಗಂಗಾವತಿ–ಕೊಪ್ಪಳದ ಐದು ಜನ. ಆ ಐವರಲ್ಲಿ ಹಾಡುವಾಕೆ ಭಜನೆ ಮೇಳದಲ್ಲಿ ತತ್ವಪದ ಹಾಡಿ ಬೆಳೆದವರು, ಇನ್ನೊಬ್ಬರು ಹಲಗಿ ಬಾರಿಸುವ ಅಜ್ಜ.

ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಊಟದ ನಂತರ ನಿದ್ದೆ ಎಲ್ಲರನ್ನೂ ಎಳೆಯಿತು, ಆದರೆ ಗಿಟಾರುಗಳ ಪೆಟ್ಟಿಗೆ ತೆರೆದು ಹಾಲ್‌ನಲ್ಲೇ ಇಟ್ಟರು. ಇದು ಸಣ್ಣ ಕೆಲಸ, ಬಿಟ್ಟರೆ ದೊಡ್ಡ ತೊಂದರೆ. ಎಸಿ ಗಾಡಿಯಿಂದ ಇಳಿಸಿದ ಗಿಟಾರನ್ನು ಕೂಡಲೇ ಶ್ರುತಿ ಮಾಡಿದರೆ, ಹಾಲ್‌ನ ಸೆಕೆಗೆ ತಂತಿ ಹಿಗ್ಗಿ ಎರಡನೇ ಹಾಡಿಗೇ ಸ್ವರ ಇಳಿಯುತ್ತದೆ. ಅರ್ಧ ತಾಸು ಹಾಗೇ ಬಿಟ್ಟು ಆಮೇಲೆ ಶ್ರುತಿ ಮಾಡಬೇಕು, ಜನ ತುಂಬಿದ ಮೇಲೆ ಮತ್ತೊಮ್ಮೆ.

ಹಾಲ್‌ನ ಎತ್ತರ 10 ಅಡಿ, ಮೇಲೆ ಆರ್‌ಸಿಸಿ ಛಾವಣಿ. ಅಗಲ 20, ಎತ್ತರ 10: ಒಂದು ಇನ್ನೊಂದರ ಎರಡು ಪಟ್ಟು. ಸದ್ದಿನ ಕೆಲಸ ಬಲ್ಲವರಿಗೆ ಇದು ಕೇಳಿದೊಡನೆ ಎಚ್ಚರವಾಗುತ್ತದೆ. 10 ಅಡಿ ಎತ್ತರ ನೆಲ ಛಾವಣಿಗಳ ನಡುವೆ ಸುಮಾರು 56 ಹರ್ಟ್ಸ್ ಸ್ವರವನ್ನು ಹಿಡಿದು ತೂಗುತ್ತದೆ, 20 ಅಡಿ ಅಗಲವೂ ಅದೇ ಸ್ವರವನ್ನು ತನ್ನ ಎರಡನೇ ಸುತ್ತಿನಲ್ಲಿ ಹಿಡಿಯುತ್ತದೆ. ಎರಡೂ ಸೇರಿ ಅದೊಂದೇ ಸ್ವರ ಉಬ್ಬುತ್ತದೆ. ಬಾಸ್ ಗಿಟಾರಿನ ಮೂರನೇ ತಂತಿ, ಬೆರಳಿಡದೆ ಮೀಟಿದರೆ ಬರುವುದು 55 ಹರ್ಟ್ಸ್. ಕಾರ್ಯಕ್ರಮಕ್ಕೆ ಮುಂಚಿನ ಸದ್ದಿನ ಪರೀಕ್ಷೆಯಲ್ಲಿ, ಅಂದರೆ ಸೌಂಡ್‌ಚೆಕ್‌ನಲ್ಲಿ ಬಳ್ಳಾರಿಯ ಬಾಸ್ ಹುಡುಗಿ ಆ ತಂತಿ ಮುಟ್ಟಿದಾಗಲೆಲ್ಲ ಹಾಲ್ "ಗುಮ್ಮ್" ಎಂದು ತುಂಬಿ, ಪಕ್ಕದ ಸ್ವರಗಳು ಸಾಧಾರಣವಾಗಿದ್ದವು. ಆಂಪ್ ಕೆಟ್ಟಿದೆ ಎಂದು ಬಹಳ ಕಡೆ ಜನ ತಪ್ಪು ತಿಳಿಯುತ್ತಾರೆ. ಆಂಪ್ ಸರಿ ಇದೆ, ಕೋಣೆ ಹಾಡುತ್ತಿದೆ.

ಮದ್ದು ಮೂರು. ಎಲ್ಲ ಮೈಕು, ವಾದ್ಯಗಳ ಸದ್ದು ಕೂಡಿಸಿ ಹದ ಮಾಡುವ ಮಿಕ್ಸರಿನಲ್ಲಿ 55ರ ಸುತ್ತ ಕಿರಿದಾಗಿ 6 ಡೆಸಿಬಲ್ ಇಳಿಸುವುದು. ಬಾಸ್ ಆಂಪನ್ನು ಮೂಲೆಯಿಂದ ಹೊರಗೆಳೆಯುವುದು, ಮೂಲೆಯಲ್ಲಿ ತಗ್ಗಿನ ಸ್ವರ ಇನ್ನೂ ಉಬ್ಬುತ್ತದೆ. ಮೂರನೆಯದು ಕೇಳುವವರಿಗೆ: ಪಕ್ಕದ ಗೋಡೆಯಿಂದ 5 ಅಡಿ ಒಳಗೆ ನಿಂತರೆ ಆ ಅಗಲದ ಉಬ್ಬು ಅಲ್ಲಿ ಕೇಳಿಸದು. ಎತ್ತರದ್ದು ನೆಲದಿಂದ 5 ಅಡಿಗೆ ಅಂದರೆ ನಿಂತವರ ಕಿವಿಯ ಹತ್ತಿರ ಕರಗುತ್ತದೆ, ನೆಲದ ಮೇಲೆ ಕೂತವರಿಗೆ ಜೋರು. ಇದರಿಂದಲೇ ಮಿಕ್ಸರ್ ಮುಂದೆ ಕುರ್ಚಿಯಲ್ಲಿ ಕೂತು ಬಾಸ್ ಹದ ಮಾಡಿದರೆ ನಿಂತ ಜನಕ್ಕೆ ಬಾಸ್ ತೆಳುವಾಗುತ್ತದೆ. ಎದ್ದು ಹಾಲ್ ಸುತ್ತಿ ಬಂದೇ ಹದ ಮಾಡಬೇಕು.

ಹಿಂಗೋಡೆಗೆ ಊಟದ ಮನೆಯವರ ಎಂಟು ಕೌದಿ ತೂಗಿಸಿದರು, ಗೋಡೆಗೆ ತಾಗದ ಹಾಗೆ ಬಿದಿರು ಕಟ್ಟಿ. ಮೇಲಿನ ಚುರುಕು ಸದ್ದಿನ ಓಡಾಟ ಅಷ್ಟಕ್ಕೇ ನಿಂತಿತು. ತಗ್ಗಿನ ಸ್ವರಕ್ಕೆ ಕೌದಿಯಿಂದ ಏನೂ ಆಗದು. ಅದಕ್ಕೆ ದಪ್ಪ ಬೇಕು.

ಸೌಂಡ್‌ಚೆಕ್‌ನ ಕ್ರಮದ ವಿಷಯದಲ್ಲಿ ಒಂದು ಮಾತು. ದೊಡ್ಡ ವೇದಿಕೆಯಲ್ಲಿ ಕಾಲಿನಿಂದ ಒದ್ದು ಬಾರಿಸುವ ದೊಡ್ಡ ಕಿಕ್ ಡ್ರಮ್ಮಿನಿಂದ ಶುರು ಮಾಡಿ ಹಾಡನ್ನು ಕೊನೆಗೆ ಇಡುತ್ತಾರೆ. ಚಿಕ್ಕ ಹಾಲ್‌ನಲ್ಲಿ ತಿರುಗಿಸಬೇಕು. ಮೊದಲು ಹಾಡಿನ ಮೈಕು, ಕೂಗು ಹೊಡೆಯುವ ಗಡಿಗಿಂತ ಸ್ವಲ್ಪ ಕೆಳಗೆ ಎಷ್ಟು ಸಿಗುತ್ತದೋ ಅಷ್ಟು. ಅದೇ ಆ ಹಾಲ್‌ನ ತಾರಕ. ಉಳಿದದ್ದೆಲ್ಲ ಅದರ ಕೆಳಗೆ ಕೂರಬೇಕು. ಹಾಡುವವನಿಗೆ ತನ್ನ ಹಾಡು ಕೇಳಿಸಲು ಮುಂದೆ ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನಿಗೆ ನೇರ ಇರಬೇಕು. ಶೂರ್ ಎಸ್‌ಎಂ58 ಮೈಕು ಬೆನ್ನ ಹಿಂದಿನದನ್ನು ಕೇಳಿಸಿಕೊಳ್ಳುವುದು ತೀರ ಕಡಿಮೆ. ಬೀಟಾ 58 ಆದರೆ ಲೆಕ್ಕ ಬೇರೆ, ಅದರ ಕಿವುಡು ಜಾಗ ಹಿಂದಿನ ಎರಡು ಓರೆಗಳಲ್ಲಿ, ಆಗ ಮಾನಿಟರ್ ಓರೆಗೆ ಸರಿಯಬೇಕು. ರಾಯಚೂರಿನ ಹುಡುಗ ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದ. ಹಾಗೆ ಹಿಡಿದೊಡನೆ ಮೈಕು ಎಲ್ಲ ದಿಕ್ಕಿನದನ್ನೂ ಕೇಳಿಸಿಕೊಳ್ಳತೊಡಗಿ ಕುಂಯ್ ಎನ್ನುತ್ತದೆ. ಹಿಡಿಕೆ ಹಿಡಿ ಎಂದರೆ ಸಾಕಾಯಿತು.

ಡ್ರಮ್ಮಿಗೆ ಕಿಕ್ ಒಂದಕ್ಕೇ ಮೈಕು. ಚುರುಕು ಸದ್ದಿನ ಚಿಕ್ಕ ಡ್ರಮ್ ಸ್ನೇರ್, ಲೋಹದ ತಟ್ಟೆ ಸಿಂಬಲ್ ತಾವಾಗಿಯೇ ಇಡೀ ಹಾಲ್‌ಗೆ ಸಾಕು. ನುಣುಪು ಟೈಲ್ಸ್ ನೆಲದ ಮೇಲೆ 22 ಇಂಚಿನ ಕಿಕ್ ಒದ್ದಾಗಲೆಲ್ಲ ಇಂಚಿಂಚು ಮುಂದೆ ಜಾರುತ್ತಿತ್ತು. ಕೆಳಗೆ ಗೋಣಿಚೀಲ ಹಾಸಿ, ಡ್ರಮ್ಮರ್ ಕೂರುವ ಸ್ಟೂಲನ್ನೂ ಅದೇ ಚೀಲದ ಮೇಲೆ ಇಟ್ಟರು. ಅವನ ಭಾರವೇ ಕಿಕ್ಕನ್ನು ಹಿಡಿದು ನಿಲ್ಲಿಸಿತು. ಗಿಟಾರ್ ಆಂಪನ್ನು ನೆಲದ ಮೇಲಿಂದ ಕುರ್ಚಿಗೆ ಏರಿಸಿದರು. ನೆಲದಲ್ಲಿದ್ದರೆ ಸದ್ದು ನುಡಿಸುವವನ ಮೊಣಕಾಲಿಗೆ ಹೊಡೆಯುತ್ತದೆ, ಅವನಿಗೆ ಕೇಳದೆ ಗುಂಡಿ ತಿರುಗಿಸುತ್ತ ಹೋಗುತ್ತಾನೆ, ಎದುರಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಕರೆಂಟು

ಈ ಭಾಗಕ್ಕೆ ಬೇರೆ ತಲೆಬರಹವೇ ಬೇಕು. ಸಂಜೆ ಐದೂವರೆಗೆ ಬಳ್ಳಾರಿ ಗಿಟಾರ್ ಹುಡುಗ ಮೈಕಿಗೆ ತುಟಿ ತಾಗಿಸಿ ತಟ್ಟನೆ ಹಿಂದೆ ಸರಿದ. ಶಾಕ್. ಜತೆಗೆ ಸ್ಪೀಕರಿನಲ್ಲಿ ನಿಲ್ಲದ "ಊಂ" ನಾದ, 50 ಹರ್ಟ್ಸ್‌ನದು. ಎರಡಕ್ಕೂ ಬೇರು ಒಂದೇ. ಗಿಟಾರಿನ ತಂತಿ ಆಂಪಿನ ಅರ್ಥಿಂಗಿಗೆ ಸೇರಿರುತ್ತದೆ, ಮೈಕಿನ ಲೋಹ ಮಿಕ್ಸರಿನ ಅರ್ಥಿಂಗಿಗೆ. ಆಂಪ್ ಒಂದು ಗೋಡೆಯ ಸಾಕೆಟ್ಟಿಗೆ, ಮಿಕ್ಸರ್ ಎದುರು ಗೋಡೆಯ ಸಾಕೆಟ್ಟಿಗೆ. ಎರಡರ ಅರ್ಥಿಂಗ್ ಮಟ್ಟ ಬೇರೆ ಬೇರೆ ಇದ್ದರೆ ನಡುವೆ ಸಿಕ್ಕವನ ತುಟಿಯೇ ತಂತಿಯಾಗುತ್ತದೆ.

ಇಂಥ ಕಡೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಾಕುತ್ತಾರೆ. "ಊಂ" ನಿಲ್ಲುತ್ತದೆ, ನಿಜ. ಆಂಪಿನೊಳಗೆ ಏನಾದರೂ ಕೆಟ್ಟ ದಿನ ಜೀವ ಹೋಗುತ್ತದೆ. ಯಾವ ಕಾರಣಕ್ಕೂ ಮಾಡಬಾರದು. ಸರಿಯಾದ ದಾರಿ, ವೇದಿಕೆಯ ಎಲ್ಲ ಸಾಮಾನನ್ನೂ ಒಂದೇ 16 ಆಂಪಿಯರ್ ಸಾಕೆಟ್ಟಿನಿಂದ ಎಳೆದ ದಪ್ಪ ಬೋರ್ಡಿಗೆ ಹಾಕುವುದು. ಚಿಕ್ಕ ಹಾಲ್‌ನ ಮಿಕ್ಸರ್, ಸ್ಪೀಕರ್, ಆಂಪು ಎಲ್ಲ ಸೇರಿ 2 ಕಿಲೋವ್ಯಾಟ್ ದಾಟುವುದು ಅಪರೂಪ, ಆ ಸಾಕೆಟ್ 3.6ರವರೆಗೆ ತಡೆಯುತ್ತದೆ. ದೀಪಗಳು ಮಾತ್ರ ಬೇರೆ ಲೈನಿನಲ್ಲಿ. ಮಂದ ಮಾಡುವ ಡಿಮ್ಮರ್ ಇದ್ದರೆ ಗಿಟಾರಿನೊಳಗೆ ಗಿರ್ ಎನ್ನುತ್ತದೆ. ಬಾಸ್ ಅನ್ನು ಡಿಐ ಬಾಕ್ಸ್, ಅಂದರೆ ವಾದ್ಯವನ್ನು ಮಿಕ್ಸರಿಗೆ ಒಗ್ಗಿಸುವ ಡಬ್ಬಿಯ ಮೂಲಕ ಕೊಟ್ಟು, ಸಿಗ್ನಲ್ ಕೇಬಲಿನ ಅರ್ಥ್ ಕೊಂಡಿಯನ್ನಷ್ಟೇ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರು. ಉಳಿದ ಸಣ್ಣ ಗುಂಯ್ ಕೂಡ ಹೋಯಿತು. ಹಾಡುವ ಮೊದಲು ಟೆಸ್ಟರನ್ನು ಮೈಕಿನ ಜಾಲರಿಗೂ ಗಿಟಾರ್ ತಂತಿಗೂ ಮುಟ್ಟಿಸಿ ನೋಡಿದರು. ದೀಪ ಹತ್ತಲಿಲ್ಲ.

ವೋಲ್ಟೇಜ್ ಇನ್ನೊಂದು ಕಥೆ. ಹೊಳೆದಂಡೆಯ ತೋಟಗಳಲ್ಲಿ ತ್ರೀ ಫೇಸ್ ಬಂದೊಡನೆ ಮೋಟಾರುಗಳು ಒಟ್ಟಿಗೆ ಎದ್ದು 230 ಇದ್ದದ್ದು 180ಕ್ಕೆ ಬೀಳುತ್ತದೆ. ಬಾಳೆ ತೋಟದ ರೈತರೊಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏಳೂವರಿಗಿ ಕರೆಂಟ್ ಬರ್ತೈತ್ರಿ ನಮಗ. ಅವಾಗ ನಿಮ್ದು ಸ್ವಲ್ಪ ಜಗ್ತೈತಿ" ಎಂದು ಮೊದಲೇ ಹೇಳಿದರು. ಅವರ ಮಾತು ಕೇಳಿ ಮಿಕ್ಸರಿಗೆ ಕಂಪ್ಯೂಟರಿನ ಯುಪಿಎಸ್ ಒಂದನ್ನು ಕೊಟ್ಟದ್ದು ಒಳ್ಳೆಯದಾಯಿತು. ಡಿಜಿಟಲ್ ಮಿಕ್ಸರ್ ಒಮ್ಮೆ ಆರಿದರೆ ಮತ್ತೆ ಏಳಲು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಹಾಡು ಸತ್ತಿರುತ್ತದೆ. ಏಳೂವರೆ ದಾಟಿ ಕೆಲವೇ ನಿಮಿಷಕ್ಕೆ ದೀಪ ಮಂಕಾಯಿತು, ಫ್ಯಾನ್ ನಿಧಾನವಾಯಿತು, ಮಿಕ್ಸರ್ ಅಲುಗಲಿಲ್ಲ. ಜನರೇಟರಿಗೆ ಬದಲಿಸುವಾಗ ಮೊದಲು ಸ್ಪೀಕರಿನ ಆಂಪ್ಲಿಫೈಯರ್ ಆರಿಸಿದರು, ಬದಲಾದ ಮೇಲೆ ಅದನ್ನು ಕೊನೆಗೆ ಹಾಕಿದರು. ಹಾಕುವಾಗ ಕೊನೆಗೆ, ಆರಿಸುವಾಗ ಮೊದಲಿಗೆ. ಈ ಕ್ರಮ ತಪ್ಪಿದರೆ "ಢಬ್" ಎಂಬ ಹೊಡೆತಕ್ಕೆ ಸ್ಪೀಕರಿನ ಸುರುಳಿ ಸುಡುತ್ತದೆ.

ರಾತ್ರಿ

ಆರೂವರೆಗೆ ಶುರು, ಒಂಬತ್ತೂ ಮುಕ್ಕಾಲಿಗೆ ಮುಗಿತಾಯ. 2000ದ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮುಚ್ಚಿದ ಹಾಲ್‌ನ ಹೊರಗೆ ಧ್ವನಿವರ್ಧಕ ಕೂಡದು. ಕಿಟಕಿ ತೆರೆದ ಹಾಲ್ ಮುಚ್ಚಿದ ಹಾಲ್ ಅನ್ನಿಸಿಕೊಳ್ಳದು, ಸೆಕೆಗೆ ತೆರೆಯದೆ ವಿಧಿಯಿಲ್ಲ. ಹಾಗಾಗಿ ಬೇಗ ಶುರು ಮಾಡಿದ್ದು ಸರಿ. ಊರಿನವರೂ ಮಕ್ಕಳೂ ಬಂದು ನೋಡಿ ಊಟದ ಹೊತ್ತಿಗೆ ಮನೆ ಸೇರಿದರು.

ರಾಯಚೂರಿನವರದು ಆರು ಹಾಡು, ಎಲ್ಲ ಸ್ವಂತ. ಬಿಸಿಲು, ಬಸ್ ನಿಲ್ದಾಣ, ಕೃಷ್ಣೆ, ಥರ್ಮಲ್ ಸ್ಥಾವರದ ಬೂದಿ. ಕಾಲೇಜಿನ ಹುಡುಗರಿಗೆ ತಮ್ಮ ಊರು ಹಾಡಿಗೆ ಸಾಕು ಎಂಬ ಧೈರ್ಯ ಇರುವುದೇ ದೊಡ್ಡ ಸಂತೋಷ. ನಾಲ್ಕನೇ ಹಾಡಿನಲ್ಲಿ ತೆಳು ತಂತಿ ಹರಿಯಿತು. ಅವನ ಗಿಟಾರಿನದು ಸ್ಪ್ರಿಂಗಿನ ಮೇಲೆ ತೇಲುವ ಬ್ರಿಡ್ಜ್. ಒಂದು ತಂತಿ ಹರಿದರೆ ಎಳೆತ ತಪ್ಪಿ ಉಳಿದ ಐದೂ ಶ್ರುತಿ ಬಿಡುತ್ತವೆ. ಅಂಥ ಗಿಟಾರ್ ಇಟ್ಟುಕೊಂಡವರು ಎರಡನೆಯದೊಂದು ಶ್ರುತಿ ಮಾಡಿ ಪಕ್ಕದಲ್ಲಿಡಲೇಬೇಕು. ಬಳ್ಳಾರಿ ಹುಡುಗ ಕೂಡಲೇ ತನ್ನದನ್ನು ಕೊಟ್ಟ, ಹಾಡು ಅರ್ಧದಿಂದ ಮುಂದುವರಿಯಿತು.

ಬಳ್ಳಾರಿಯ ಮೂವರು ಗಟ್ಟಿ ರಾಕ್. ಬಿದಿರು ಕಡ್ಡಿಯ ಲೆಕ್ಕ ಫಲಿಸಿತು, ಅವರ ಪದಗಳು ಕೊನೇ ಸಾಲಿಗೂ ಸ್ಪಷ್ಟ. ಖಾಲಿ ಹಾಲ್‌ನಲ್ಲಿ ಚುರುಕಾಗಿದ್ದ ಗಿಟಾರ್ ಎಂಬತ್ತು ಜನ ತುಂಬಿದ ಮೇಲೆ ಮೆತ್ತಗಾಯಿತು, ಮೈ ಮತ್ತು ಬಟ್ಟೆ ಮೇಲಿನ ಸ್ವರಗಳನ್ನು ಹೀರುತ್ತವೆ. ಸೌಂಡ್‌ಚೆಕ್‌ನಲ್ಲಿ ಸ್ವಲ್ಪ ಚುರುಕು ಅನಿಸಿದರೂ ಬಿಟ್ಟಿದ್ದು ಇದಕ್ಕಾಗಿಯೇ. ಕಿವಿಗೆ ಫೋಮ್ ಪ್ಲಗ್ ತಂದವರು ಬುದ್ಧಿವಂತರು. 85 ಡೆಸಿಬಲ್‌ನಲ್ಲಿ 8 ತಾಸು ಇರಬಹುದಾದರೆ 100ರಲ್ಲಿ 15 ನಿಮಿಷವಷ್ಟೇ ಸುರಕ್ಷಿತ. ಪ್ಲಗ್ಗನ್ನು ತೆಳುವಾಗಿ ಉರುಳಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅರ್ಧ ನಿಮಿಷ ಬೆರಳಿನಿಂದ ಹಿಡಿದರೆ ಮಾತ್ರ ಸರಿಯಾಗಿ ಹಿಗ್ಗಿ ಕೂರುತ್ತದೆ.

ಕೊನೆಯ ತಂಡವೇ ಆ ರಾತ್ರಿಯ ಮುಖ್ಯ ಸಂಗತಿ. ರಘು ದೀಕ್ಷಿತ್ ತಂಡ 2008ರ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಗಿಟಾರಿಗೆ ತಂದ ಮೇಲೆ ತತ್ವಪದದ ರಾಕ್ ಹೊಸದಲ್ಲ. ಈ ತಂಡ ಬೇರೆಯಾಗುವುದು ಶ್ರುತಿಯಲ್ಲಿ. ಬಹಳ ಬ್ಯಾಂಡುಗಳು ಹಾಡುವವರನ್ನು ಗಿಟಾರಿನ ಶ್ರುತಿಗೆ ಎಳೆಯುತ್ತವೆ. ಇಲ್ಲಿ ಗಿಟಾರೇ ಹಾಡುವವರ ಹತ್ತಿರ ಹೋಗಿದೆ. ಆಕೆ ಭಜನೆಯಲ್ಲಿ ಹಾಡುವುದು ಹಾರ್ಮೋನಿಯಂನ ಕಪ್ಪು ಎರಡರಿಂದ, ಅಂದರೆ ಎರಡನೇ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು. ಹುಡುಗರು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದ್ದಾರೆ. ದಪ್ಪ ತಂತಿ 82.4ರಿಂದ 77.8 ಹರ್ಟ್ಸ್‌ಗೆ ಬಂದು ಕಪ್ಪು ಎರಡರ ಷಡ್ಜವಾಗುತ್ತದೆ, ಬೆರಳಿಡದೆ ಮೀಟಿದರೆ ತಂಬೂರಿಯ ಹಾಗೆ ಹಿಂದೆ ನಿಲ್ಲುತ್ತದೆ. ಇಳಿಸಿದ ತಂತಿ ಸಡಿಲಾಗುವುದರಿಂದ 9ರ ಬದಲು 10ರ ದಪ್ಪದ ಸೆಟ್ ಹಾಕಿದ್ದಾರೆ (ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದೊಂದರ ಲೆಕ್ಕದಲ್ಲಿ). ಬಾಸ್ ಕೂಡ ಇಳಿದದ್ದರಿಂದ ಆ ಗುಮ್ಮೆನ್ನುವ ತಂತಿ 55ರಿಂದ 52ಕ್ಕೆ ಸರಿದು ಕೋಣೆಯ ಹಿಡಿತದಿಂದ ತಪ್ಪಿಸಿಕೊಂಡಿತು. ಅದು ಅವರು ಬಯಸದೇ ಸಿಕ್ಕ ಲಾಭ.

ಹಲಗಿ ಅಜ್ಜನನ್ನು ಹಾಡುವವರಿಂದ ಆರು ಅಡಿ ದೂರ, ಡ್ರಮ್ಮಿನ ಪಕ್ಕ ನಿಲ್ಲಿಸಿದ್ದರು. ಹಲಗಿಯ ಚಟ್ ಪೆಟ್ಟು ಮತ್ತು ಹಾಡಿನ ವ್ಯಂಜನಗಳು ಒಂದೇ ಸ್ವರದೆತ್ತರದಲ್ಲಿ ಓಡಾಡುತ್ತವೆ, ಹತ್ತಿರ ಬಂದರೆ ಪೆಟ್ಟು ಪದವನ್ನು ಕತ್ತರಿಸುತ್ತದೆ. ಚರ್ಮದ ಹಲಗಿ ರಾತ್ರಿಯ ತೇವಕ್ಕೆ ಇಳಿಯುತ್ತದೆಂದು ಹೊರಗೆ ಬೆಂಕಿ ಹಾಕಿ ಎರಡು ಸಲ ಕಾಯಿಸಿ ತಂದರು. "ಈಗಿನವ್ರು ಫೈಬರ್ ಹಾಕ್ತಾರ್ರಿ, ಕಾಸೂದು ಬ್ಯಾಡ, ಖರೇ. ಆದ್ರ ಅದ್ರಾಗ ಜೀವ ಇರೂದಿಲ್ಲ" ಎಂದರು ಅಜ್ಜ. ಅಜ್ಜ ಬಾರಿಸುವಾಗ ಡ್ರಮ್ಮರ್ ಸ್ನೇರ್ ಬಿಟ್ಟು ಕಿಕ್ ಮತ್ತು ಹೈ-ಹ್ಯಾಟ್ (ಕಾಲಿನಿಂದ ಮುಚ್ಚುವ ಜೋಡಿ ಸಿಂಬಲ್) ಮಾತ್ರ ಹಿಡಿದ. ಆ ಬಿಟ್ಟುಕೊಟ್ಟ ಜಾಗದಲ್ಲಿ ಹಲಗಿ ಎದ್ದು ನಿಂತಿತು. ಜನ ಕುಣಿದರು. ಬಾಳೆ ತೋಟದ ರೈತರು ಮೋಟಾರ್ ಆರಿಸಿ ಬಂದು ಬಾಗಿಲಲ್ಲೇ ತಾಳ ಹಾಕುತ್ತಿದ್ದರು.

ರಾತ್ರಿ ಒಬ್ಬೊಬ್ಬರೇ ನಡೆದು ಹೋಗಬೇಡಿ ಎಂದು ಮಾಲೀಕರು ಎಲ್ಲರಿಗೂ ಹೇಳಿ ಕಳಿಸಿದರು. ಸುತ್ತಲಿನ ಗುಡ್ಡಗಳಲ್ಲಿ ಚಿರತೆ ಇವೆ.

ಮೂರನೇ ದಿನ: ಗುಂಡಿ, ಇದ್ದಿಲು, ಉಪ್ಪು

ಬೆಳಗ್ಗೆ ಸಿಂಬಲ್‌ಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಕೇಬಲ್‌ಗಳನ್ನು ಒಂದು ಸುತ್ತು ಮೇಲೆ, ಒಂದು ಸುತ್ತು ಕೆಳಗೆ ಎಂದು ಸುತ್ತಿ ಕಟ್ಟಿದರು. ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ತಿರುಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಗಂಗಾವತಿಯಿಂದ ವೈರ್‌ಮನ್ ಬಂದಿದ್ದರು. ಮೀಟರ್ ಹಚ್ಚಿ ಅರ್ಥಿಗೂ ನ್ಯೂಟ್ರಲ್ಲಿಗೂ ನಡುವೆ ನೋಡಿದರೆ 20 ವೋಲ್ಟ್ ದಾಟಿತ್ತು. ಹಳೇ ಅರ್ಥಿಂಗ್ ಗುಂಡಿ ಕೆದಕಿದಾಗ ಕಾರಣ ಕಂಡಿತು: ನಾಲ್ಕು ಅಡಿಗೇ ಬಂಡೆ. ಮೇಲಿನ ಮಣ್ಣು ಬಿಸಿಲಿಗೆ ಪೂರ್ತಿ ಒಣಗಿತ್ತು, ಕ್ಲಾಂಪ್ ತುಕ್ಕು ಹಿಡಿದಿತ್ತು. ಈ ಸೀಮೆಯ ಬಂಡೆ ಜಾಗದಲ್ಲಿ ಮನೆಯ ಪಕ್ಕದಲ್ಲೇ ಗುಂಡಿ ತೋಡುವ ಹಟ ಬಿಡಬೇಕು ಎಂದರು. ಹೊಸದನ್ನು ಗದ್ದೆಯ ಬದುವಿಗೆ ಒಯ್ದರು. ವರ್ಷದ ಬಹುಪಾಲು ತೇವ ಇರುವ ಜಾಗ. 40 ಮಿ.ಮೀ. ಜಿಐ ಪೈಪು, ಉದ್ದ ಎರಡೂವರೆ ಮೀಟರ್, ಮೈಗೆಲ್ಲ ತೂತು. ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು. ಮೇಲೆ ನೀರು ಹೊಯ್ಯಲು ಆಲಿಕೆ, ಅದರ ಮೇಲೆ ಮುಚ್ಚಳ. ಅಲ್ಲಿಂದ ಹಾಲ್‌ವರೆಗೆ ದಪ್ಪ ಜಿಐ ತಂತಿ, ನೆಲದಡಿ ಪೈಪಿನೊಳಗೆ. ಕೊಡ ಕೊಡ ನೀರು ಹಾಕಿ, ಇಡ್ಲಿ ತಿಂದು ಬಂದು ಮತ್ತೆ ಮೀಟರ್ ಹಚ್ಚಿದರು: 2 ವೋಲ್ಟ್.

"ಬ್ಯಾಸಿಗ್ಯಾಗ ವಾರಕ್ಕ ಎರಡ್ ಕೊಡ ನೀರ್ ಹಾಕ್ರಿ ಯಜಮಾನ್ರ, ಮರೀಬ್ಯಾಡ್ರಿ" ಎಂದು ಹೇಳಿ ವೈರ್‌ಮನ್ ಸ್ವಿಚ್‌ಬೋರ್ಡ್ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆದರು. ಮಾಲೀಕರು ಮುಂದಿನ ತಿಂಗಳ ಕಾರ್ಯಕ್ರಮಕ್ಕೆ ರಾಯಚೂರಿನ ಹುಡುಗರಿಗೆ ಮುಂಗಡ ಕೊಟ್ಟರು. ಹಲಗಿ ಅಜ್ಜ ಸಂಜೆಯ ಭಜನೆಗೆ ಗಂಗಾವತಿ ಟೆಂಪೊ ಹತ್ತಿದರು, ಬಾಸ್ ಹುಡುಗಿ ಅವರ ಪಕ್ಕದ ಸೀಟು ಹಿಡಿದಳು. ಹಲಗಿಯ ಆ ಬಿಟ್ಟು ಬಿಟ್ಟು ಬರುವ ಪೆಟ್ಟನ್ನು ದಾರಿಯುದ್ದಕ್ಕೂ ಕೇಳಿ ಎಣಿಸಿಕೊಳ್ಳುವುದಿತ್ತು ಅವಳಿಗೆ.